ಮುಪ್ಪಿನ ಆಸರೆ: ನಮ್ಮ ಸೀಮೆಯ ಹಿರಿಯರಿಗೂ ಮಾಜಿ ಸೈನಿಕರಿಗೂ ಇರುವ ನೆರವು

ಮುಪ್ಪು ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ಸಿರಿವಂತನಿಗೂ ಬರುತ್ತದೆ, ಕೂಲಿಯವನಿಗೂ ಬರುತ್ತದೆ. ಕೈಕಾಲು ಸೋತ ಕಾಲಕ್ಕೆ ಒಬ್ಬನಿಗೆ ತಾನು ಕೂಡಿಟ್ಟ ಗಂಟು ಆಸರೆಯಾದರೆ ಮತ್ತೊಬ್ಬನಿಗೆ ಹೆತ್ತ ಮಕ್ಕಳು ಆಸರೆಯಾಗುತ್ತಾರೆ. ಇವೆರಡೂ ಇಲ್ಲದವನ ಗತಿಯೇನು? ಹಿಂದಿನ ಕಾಲದಲ್ಲಿ ಊರವರ ದಯೆ, ಮಠ, ಛತ್ರಗಳು ಈ ಪ್ರಶ್ನೆಗೆ ಉತ್ತರವಾಗಿದ್ದವು. ಸ್ವತಂತ್ರ ಭಾರತದ ಸಂವಿಧಾನವು ತನ್ನ 41ನೆಯ ವಿಧಿಯಲ್ಲಿ ಬೇರೊಂದು ಉತ್ತರವನ್ನು ಬರೆಯಿತು. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯಗಳ ಸಂದರ್ಭದಲ್ಲಿ ಪ್ರಜೆಗೆ ನೆರವು ದೊರೆಯುವಂತೆ, ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ, ರಾಜ್ಯವು ಏರ್ಪಾಡು ಮಾಡಬೇಕೆಂಬುದೇ ಆ ಉತ್ತರ. ಆದುದರಿಂದ ವೃದ್ಧರಿಗೆ ಸಲ್ಲುವ ನೆರವನ್ನು ಭಿಕ್ಷೆಯೆಂದು ತಿಳಿಯಬೇಕಾಗಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. ಇಂದು ಅದು ಇನ್ನೂ ಹೆಚ್ಚಿರಬೇಕೆಂಬುದರಲ್ಲಿ ಸಂದೇಹವಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಹಳ್ಳಿಗಳಿಂದಲೇ ನಮ್ಮಲ್ಲಿ ಬಹುಮಂದಿ ಕಾಲೇಜಿಗೆ ಬರುತ್ತೇವೆ. ತೆಂಗು, ಈರುಳ್ಳಿ, ರಾಗಿ, ಅಡಕೆಗಳನ್ನು ನಂಬಿದ ಸೀಮೆ ಇದು. ಮಳೆ ಕೈಕೊಟ್ಟ ವರ್ಷ ಮನೆಯ ಹಿರಿಯರ ಮದ್ದಿನ ಖರ್ಚೇ ಮೊದಲು ನಿಲ್ಲುತ್ತದೆ. ಇಂತಹವರಿಗೆ ಸರ್ಕಾರದಿಂದ ಏನೇನು ಉಂಟು, ಅದು ಯಾವ ಬಾಗಿಲಿನಿಂದ ಬರುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂಬುದನ್ನು ನಾನು ತಿಳಿದಷ್ಟರ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲನೆಯದು ವೃದ್ಧಾಪ್ಯ ವೇತನ. ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವನ್ನು ಆರಂಭಿಸಿತು. ಆಗ ಬಡ ವೃದ್ಧರಿಗೆ ಕೇಂದ್ರದ ಪಾಲಿನಿಂದ ದೊರೆಯುತ್ತಿದ್ದುದು ತಿಂಗಳಿಗೆ 75 ರೂಪಾಯಿ. 2007ರಲ್ಲಿ ಈ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರು ಬಂದಿತು. 2011ರಲ್ಲಿ ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು. ಇಂದು ಕೇಂದ್ರದ ಪಾಲು 80 ವರ್ಷದೊಳಗಿನವರಿಗೆ 200 ರೂಪಾಯಿ, 80 ತುಂಬಿದವರಿಗೆ 500 ರೂಪಾಯಿ ಮಾತ್ರ. ಉಳಿದುದನ್ನು ರಾಜ್ಯ ಸರ್ಕಾರವು ತನ್ನ ಬೊಕ್ಕಸದಿಂದ ಸೇರಿಸುತ್ತದೆ. ಇದಲ್ಲದೆ ಕರ್ನಾಟಕವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಸಣ್ಣ ರೈತರು, ಅತಿಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮತ್ತು ಅಸಂಘಟಿತ ವಲಯದ ದುಡಿಮೆಗಾರರಲ್ಲಿ 65 ವರ್ಷ ತುಂಬಿದ, ಆದಾಯ ತೀರ ಕಡಿಮೆಯಿರುವ ಹಿರಿಯರಿಗಾಗಿ ಇದು ಏರ್ಪಟ್ಟಿದೆ. ಇದರ ಮೊಬಲಗನ್ನು 2021ರಲ್ಲಿ 1000 ರೂಪಾಯಿಯಿಂದ 1200ಕ್ಕೆ ಏರಿಸಲಾಯಿತು. ಈ ಹಣ ಯಾವ ಮೂಲೆಗೆ ಸಾಕೆಂದು ಕೇಳುವವರುಂಟು. ಮಗನ ಮುಂದೆ ಕೈಯೊಡ್ಡದೆ ರಕ್ತದೊತ್ತಡದ ಗುಳಿಗೆಯನ್ನು ತಾವೇ ಕೊಳ್ಳುವ ಅಜ್ಜಿಯರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ.

ಇದಕ್ಕೆ ಅರ್ಜಿ ಸಲ್ಲಿಸಬೇಕಾದುದು ಹೋಬಳಿಯ ನಾಡಕಛೇರಿಯಲ್ಲಿ. ಸಖರಾಯಪಟ್ಟಣದವರು ಕಡೂರಿಗೂ, ಲಕ್ಕವಳ್ಳಿಯವರು ತರೀಕೆರೆಗೂ, ಶಿವನಿಯವರು ಅಜ್ಜಂಪುರಕ್ಕೂ ಇದಕ್ಕಾಗಿ ಓಡಬೇಕಾಗಿಲ್ಲ. ವಯಸ್ಸು, ವಾಸ ಮತ್ತು ಆದಾಯದ ದಾಖಲೆ, ಆಧಾರ್ ಚೀಟಿ, ಬ್ಯಾಂಕ್ ಅಥವಾ ಅಂಚೆ ಕಛೇರಿಯ ಪಾಸ್ ಪುಸ್ತಕ ಇವುಗಳೊಡನೆ ಅರ್ಜಿ ಕೊಟ್ಟರೆ ಕಂದಾಯ ಇಲಾಖೆಯ ನೌಕರರು ಪರಿಶೀಲಿಸಿ ವರದಿ ಕಳಿಸುತ್ತಾರೆ. ಅರ್ಜಿ ಕೊಟ್ಟಾಗ ಸಿಗುವ ರಸೀತಿಯನ್ನು ಜೋಪಾನವಾಗಿಡುವುದು ಅತ್ಯಗತ್ಯ. 2011ರ ಸಕಾಲ ಕಾಯಿದೆಯ ಪ್ರಕಾರ ಆ ರಸೀತಿಯ ಮೇಲೆ ಒಂದು ಸಂಖ್ಯೆ ಇರುತ್ತದೆ. ಗೊತ್ತುಪಡಿಸಿದ ಅವಧಿಯೊಳಗೆ ಕೆಲಸವಾಗದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿ, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯವರೆಗೆ ಪರಿಹಾರವನ್ನು ಕೇಳುವ ಹಕ್ಕನ್ನು ಆ ಕಾಯಿದೆ ಕೊಟ್ಟಿದೆ. ಮೊಬಲಗು ಅಲ್ಪವಾದರೂ ಆ ಸಂಖ್ಯೆಯನ್ನು ಹಿಡಿದು ಕೇಳುವವನಿಗೂ ಬರಿಗೈಯಲ್ಲಿ ಕೇಳುವವನಿಗೂ ದೊರೆಯುವ ಉತ್ತರ ಒಂದೇ ಆಗಿರುವುದಿಲ್ಲ.

ವೇತನ ಮಂಜೂರಾದ ಮಾತ್ರಕ್ಕೆ ಕಷ್ಟ ಮುಗಿಯಿತೆನ್ನುವಂತಿಲ್ಲ. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಕೆಲವು ತಿಂಗಳು ಹಣ ಬಾರದೆ ನಿಂತಿತು. ಕಛೇರಿಯಲ್ಲಿ ಕೇಳಿದರೆ ಹಣ ಹೋಗಿದೆ ಎಂದರು. ಬ್ಯಾಂಕಿನಲ್ಲಿ ಕೇಳಿದರೆ ಬಂದಿಲ್ಲವೆಂದರು. ನಾನು ಅವರ ಜೊತೆ ಎರಡು ಕಡೆಯೂ ಹೋಗಿ ವಿಚಾರಿಸಿದಾಗ ಇಬ್ಬರು ಹೇಳಿದ್ದೂ ನಿಜವೆಂದು ತಿಳಿಯಿತು. ಸ್ತ್ರೀಶಕ್ತಿ ಸಂಘದ ಸಾಲಕ್ಕಾಗಿ ಅಜ್ಜಿ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಆಧಾರ್ ಮೂಲಕ ಕಳಿಸುವ ಹಣವು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಅಜ್ಜಿಯ ಹಣ ಒಂದು ರೂಪಾಯಿಯೂ ಕಡಿಮೆಯಾಗದೆ ಆ ಹೊಸ ಖಾತೆಯಲ್ಲಿ ಕುಳಿತಿತ್ತು! ಈ ಒಂದು ವಿಷಯವನ್ನು ಮೊದಲ ದಿನವೇ ಯಾರಾದರೂ ಬಿಡಿಸಿ ಹೇಳಿದ್ದರೆ ಎಪ್ಪತ್ತೆರಡರ ಆ ಜೀವ ಬಿಸಿಲಿನಲ್ಲಿ ಅಷ್ಟು ಅಲೆಯಬೇಕಾಗಿರಲಿಲ್ಲ. ಆದುದರಿಂದ ವೇತನ ನಿಂತಿತೆಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, “ಇತ್ತೀಚೆಗೆ ಹೊಸ ಖಾತೆ ತೆರೆದಿರಾ?” ಎಂಬುದು. ಎರಡನೆಯದು, ಪಡಿತರ ಚೀಟಿಯಲ್ಲೂ ಆಧಾರ್ ಚೀಟಿಯಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂಬುದು.

ಇನ್ನು ಮಾಜಿ ಸೈನಿಕರ ವಿಷಯ. ಸೈನ್ಯದಿಂದ ಬಂದವರೆಲ್ಲರಿಗೂ ಪಿಂಚಣಿ ಉಂಟೆಂದು ನಮ್ಮ ಹಳ್ಳಿಗಳಲ್ಲಿ ತಿಳಿದಿದ್ದಾರೆ. ಇದು ಸರಿಯಲ್ಲ. ಸಿಪಾಯಿಗೆ ಸೇವಾ ಪಿಂಚಣಿ ದೊರೆಯಬೇಕಾದರೆ ಸಾಮಾನ್ಯವಾಗಿ 15 ವರ್ಷಗಳ ಸೇವೆ ಪೂರ್ತಿಯಾಗಿರಬೇಕು. ಮನೆಯ ತಾಪತ್ರಯದಿಂದ ಅದಕ್ಕೆ ಮೊದಲೇ ಬಿಟ್ಟು ಬಂದವರು ಪಿಂಚಣಿಯಿಲ್ಲದೆ ಉಳಿಯುತ್ತಾರೆ. ಇಂತಹವರಲ್ಲಿ ಹವಾಲ್ದಾರ್ ಅಥವಾ ಅದಕ್ಕೆ ಸಮನಾದ ದರ್ಜೆಯವರೆಗಿನ, 65 ವರ್ಷ ದಾಟಿದ ಬಡ ಸೈನಿಕರಿಗೂ ಅವರ ವಿಧವೆಯರಿಗೂ ರಕ್ಷಣಾ ಮಂತ್ರಿಗಳ ಕಲ್ಯಾಣ ನಿಧಿಯಿಂದ ನೆರವು ಉಂಟು. ತಿಂಗಳಿಗೆ 4000 ರೂಪಾಯಿಯಿದ್ದ ಈ ನೆರವನ್ನು 2025ರ ನವೆಂಬರ್ 1ರಿಂದ ಸಲ್ಲುವ ಅರ್ಜಿಗಳಿಗೆ 8000ಕ್ಕೆ ಏರಿಸಲಾಗಿದೆ. ಸಂಧ್ಯಾ ಸುರಕ್ಷಾ ಮೊಬಲಗಿಗೆ ಹೋಲಿಸಿದರೆ ಇದು ಆರು ಪಟ್ಟಿಗಿಂತ ಹೆಚ್ಚು. ಆದರೆ ಇದಕ್ಕೆ ಅರ್ಜಿ ಹೋಗುವುದು ನಾಡಕಛೇರಿಯಿಂದಲ್ಲ. ಜಿಲ್ಲೆಗೆ ಸಂಬಂಧಿಸಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಛೇರಿಯ ಮೂಲಕ. ತಾಲ್ಲೂಕು ಮಟ್ಟದಲ್ಲಿ ಇಂತಹ ಕಛೇರಿ ಇಲ್ಲದಿರುವುದರಿಂದ ಹಳ್ಳಿಯ ಸೈನಿಕನಿಗೆ ಇದರ ಸುದ್ದಿಯೇ ಮುಟ್ಟುವುದು ಕಷ್ಟ.

ಪಿಂಚಣಿ ಇರುವವರಿಗೂ ಕೆಲವು ಎಚ್ಚರಿಕೆಗಳು ಬೇಕು. ಸೈನಿಕನ ಬಿಡುಗಡೆ ಪುಸ್ತಕ ಮತ್ತು ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರೂ ಜನ್ಮದಿನಾಂಕವೂ ಸರಿಯಾಗಿ ದಾಖಲಾಗಿವೆಯೇ ಎಂಬುದನ್ನು ಅವನು ಬದುಕಿರುವಾಗಲೇ ನೋಡಿಕೊಳ್ಳಬೇಕು. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಅವನ ಕಾಲಾನಂತರ ಕುಟುಂಬ ಪಿಂಚಣಿಗಾಗಿ ಆಕೆ ದೂರದ ದಾಖಲೆ ಕಛೇರಿಯೊಡನೆ ಪತ್ರವ್ಯವಹಾರ ನಡೆಸಬೇಕಾಗುತ್ತದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದನ್ನು ಮರೆಯಬಾರದು. 2014ರಿಂದ ಇದನ್ನು ಜೀವನ ಪ್ರಮಾಣ ಎಂಬ ಗಣಕ ವ್ಯವಸ್ಥೆಯಲ್ಲಿ ಊರಿನ ಸಮೀಪದಲ್ಲೇ ಕೊಡಬಹುದಾಗಿದೆ. ಪಿಂಚಣಿದಾರ ಸೈನಿಕರ ಚಿಕಿತ್ಸೆಗೆ 2003ರ ಏಪ್ರಿಲ್‌ನಿಂದ ಪ್ರತ್ಯೇಕ ಆರೋಗ್ಯ ಯೋಜನೆಯೂ ಇದೆ. ನಮ್ಮ ತರಗತಿಗಳಲ್ಲಿ ಸೈನ್ಯಕ್ಕೆ ಸೇರಬೇಕೆನ್ನುವ ಗೆಳೆಯರು ಅನೇಕರಿದ್ದಾರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರಿಗೆ ಸೇವಾನಿಧಿಯ ಇಡಿಗಂಟು ಉಂಟೇ ಹೊರತು ಪಿಂಚಣಿಯಿಲ್ಲ ಎಂಬುದನ್ನು ಅವರು ಈಗಲೇ ತಿಳಿದಿರುವುದು ಒಳ್ಳೆಯದು.

ಹಣಕ್ಕಿಂತಲೂ ಗಂಭೀರವಾದುದು ನೆಲೆಯ ಪ್ರಶ್ನೆ. ಮಕ್ಕಳ ಮೇಲಿನ ನಂಬಿಕೆಯಿಂದ ಹೊಲಮನೆಗಳನ್ನು ದಾನಪತ್ರ ಮಾಡಿಕೊಟ್ಟು, ಅನಂತರ ಜಗಲಿಗೆ ಬಂದ ಹಿರಿಯರು ನಮ್ಮ ಊರುಗಳಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಇವರಿಗಾಗಿ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಬಂದಿತು. ಇದರ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿಯೇ ಅಧ್ಯಕ್ಷರು. ನಮ್ಮ ಜಿಲ್ಲೆಯಲ್ಲಿ ಚಿಕ್ಕಮಗಳೂರು, ತರೀಕೆರೆ ಎಂದು ಎರಡು ಉಪವಿಭಾಗಗಳಿವೆ. ಅವರವರ ತಾಲ್ಲೂಕು ಸೇರಿದ ಉಪವಿಭಾಗದಲ್ಲಿ ಅರ್ಜಿ ಸಲ್ಲಿಸಬಹುದು. ವಕೀಲರನ್ನು ಹಿಡಿಯಲೇಬೇಕೆಂಬ ನಿಯಮವಿಲ್ಲ. ಬಿಳಿಯ ಹಾಳೆಯಲ್ಲಿ ಕಷ್ಟವನ್ನು ಬರೆದುಕೊಟ್ಟರೂ ಸಾಕು. ಮಕ್ಕಳಿಗೆ ನೋಟೀಸು ತಲಪಿದ 90 ದಿನಗಳೊಳಗೆ, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನಗಳೊಳಗೆ, ಜೀವನಾಂಶದ ತೀರ್ಮಾನವಾಗಬೇಕು. ಕಾಯಿದೆಯಲ್ಲಿ ಹೇಳಿರುವ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ.

ಇದೇ ಕಾಯಿದೆಯ 23ನೆಯ ಪ್ರಕರಣವನ್ನು ಪ್ರತಿ ಮನೆಯಲ್ಲೂ ಓದಿ ಹೇಳಬೇಕು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಕೊಟ್ಟಿದ್ದು, ಪಡೆದವರು ಅದರಂತೆ ನಡೆಯದಿದ್ದರೆ, ಆ ಪತ್ರವನ್ನು ನ್ಯಾಯಮಂಡಳಿಯು ಅಸಿಂಧುವೆಂದು ಘೋಷಿಸಬಹುದು. ಇಲ್ಲಿ ‘ಷರತ್ತಿನ ಮೇಲೆ’ ಎಂಬ ಮಾತೇ ಪ್ರಾಣ. ಅಂತಹ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು, ಈ ಕಾಯಿದೆಯನ್ನು ಹಿರಿಯರಿಗೆ ಹಿತವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ತಾಯಿಯೊಬ್ಬರು ಮಗನಿಗೆ ಬರೆದುಕೊಟ್ಟಿದ್ದ ದಾನಪತ್ರವನ್ನು ರದ್ದುಪಡಿಸಿದ ಆದೇಶವನ್ನು ಎತ್ತಿಹಿಡಿಯಿತು. ಆದರೂ ನ್ಯಾಯಾಲಯದ ಉದಾರತೆಯನ್ನು ನಂಬಿ ಕುಳಿತುಕೊಳ್ಳುವುದಕ್ಕಿಂತ, ‘ಜೀವಮಾನ ಪರ್ಯಂತ ಅನ್ನ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ನಡೆಸತಕ್ಕದ್ದು’ ಎಂಬ ಒಂದು ವಾಕ್ಯವನ್ನು ಪತ್ರದಲ್ಲಿಯೇ ಬರೆಸುವುದು ವಿವೇಕ. ಉಪನೋಂದಣಿ ಕಛೇರಿಗೆ ಅಜ್ಜನನ್ನು ಕರೆದೊಯ್ಯುವ ಮೊಮ್ಮಗನು ಈ ಒಂದು ವಾಕ್ಯವನ್ನು ನೆನಪಿಟ್ಟರೆ ಮುಂದಿನ ಹತ್ತು ವರ್ಷಗಳ ಕಣ್ಣೀರು ಉಳಿದೀತು.

ಇವಲ್ಲದೆ ಚಿಕ್ಕಪುಟ್ಟ ಸೌಕರ್ಯಗಳೂ ಇವೆ. 60 ದಾಟಿದ ಕರ್ನಾಟಕದ ನಿವಾಸಿಗಳಿಗೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ನೂರಕ್ಕೆ 25ರಷ್ಟು ರಿಯಾಯಿತಿಯುಂಟು. ವಯಸ್ಸನ್ನೂ ವಾಸವನ್ನೂ ತೋರಿಸುವ ಗುರುತಿನ ಚೀಟಿ ಕೈಯಲ್ಲಿರಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಅಜ್ಜಿಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣವೇ ಉಚಿತವಾಯಿತು. ರೈಲಿನಲ್ಲಿದ್ದ ಹಿರಿಯರ ರಿಯಾಯಿತಿಯಾದರೋ 2020ರ ಮಾರ್ಚಿಯಲ್ಲಿ ನಿಂತುಹೋಯಿತು. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಇಲಾಖೆಯ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ಅರ್ಜಿ ಎಲ್ಲಿಗೆ ಎಂಬುದನ್ನು ಅವರಲ್ಲಿ ಕೇಳಬಹುದು. ಮನೆಯಲ್ಲಿ ಹಿಂಸೆಗೊಳಗಾದ ಹಿರಿಯರು 14567 ಎಂಬ ಸಹಾಯವಾಣಿಗೆ ಹಣ ಕೊಡದೆ ದೂರವಾಣಿ ಮಾಡಬಹುದು.

‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಹೇಳಿ ಕಛೇರಿಗಳನ್ನು ದೂರುವುದು ಸುಲಭ. ದೂರಿನಲ್ಲಿ ಸತ್ಯಾಂಶವೂ ಉಂಟು. ಆದರೆ ನಾನು ಕಂಡ ಮಟ್ಟಿಗೆ ತೊಡಕಿನ ಹೆಚ್ಚಿನ ಪಾಲು ಬೇರೆಯೇ ಆಗಿದೆ. ವೃದ್ಧಾಪ್ಯ ವೇತನಕ್ಕೆ ಒಂದು ಬಾಗಿಲು, ಸೈನಿಕರ ನೆರವಿಗೆ ಇನ್ನೊಂದು, ಜೀವನಾಂಶಕ್ಕೆ ಮತ್ತೊಂದು. ಪ್ರತಿ ಬಾಗಿಲಲ್ಲೂ ಓದುಬರಹ ಬಲ್ಲವನನ್ನೇ ನಿರೀಕ್ಷಿಸುತ್ತಾರೆ. ನೆರವು ಬೇಕಾದವರಾದರೋ ಹೆಬ್ಬೆಟ್ಟಿನವರು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದಾಗಿ, ತರೀಕೆರೆಯವರೆಗಿನ ಓಡಾಟ ಎಷ್ಟೋ ಮಂದಿಗೆ ತಪ್ಪಿತು. ಕಛೇರಿ ಹತ್ತಿರ ಬಂದರೂ ಕಾಗದ ಓದುವವರು ಹತ್ತಿರ ಇಲ್ಲದಿದ್ದರೆ ದಾರಿ ಸವೆಯುವುದಿಲ್ಲ.

ಆ ಕೆಲಸ ನಮ್ಮಿಂದ ಆಗಬಹುದು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ದಿನವನ್ನು ಹಿರಿಯರ ಕಾಗದಗಳನ್ನು ಓದಿ ನೋಡುವುದಕ್ಕೆ ಮೀಸಲಿಡಬಹುದೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಪಾಸ್ ಪುಸ್ತಕ, ರಸೀತಿ, ಸೈನಿಕನ ಬಿಡುಗಡೆ ಪುಸ್ತಕ, ದಾನಪತ್ರದ ಕರಡು, ಈ ನಾಲ್ಕನ್ನು ನೋಡುವುದಕ್ಕೆ ಪದವಿ ಬೇಕಾಗಿಲ್ಲ. ವಿದ್ಯಾರ್ಥಿಮಿತ್ರರೇ, ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಪೆಟ್ಟಿಗೆಯಲ್ಲಿರುವ ಆ ಕಾಗದಗಳನ್ನು ಒಮ್ಮೆ ಹೊರತೆಗೆದು ನೋಡಿರಿ.