ಕಾರಿನ ನೆತ್ತಿಯ ಮೇಲೊಂದು ದೋಣಿ

ದೋಣಿಯು ಮನುಷ್ಯನನ್ನು ಹೊರುವುದು ಲೋಕರೂಢಿ. ಮನುಷ್ಯನೇ ದೋಣಿಯನ್ನು ಹೊರುವ ರೂಢಿಯೂ ಉಂಟು. ಅದನ್ನು ಕಾಣಬೇಕಾದರೆ ಕೆನಡಾ ದೇಶಕ್ಕೆ ಹೋಗಬೇಕು. ಎಣಿಕೆಗೆ ಸಿಕ್ಕದಷ್ಟು ಸರೋವರಗಳಿರುವ ಆ ನಾಡಿನ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಹಗುರವಾದ ಕಿರುದೋಣಿಗಳನ್ನು ಕಟ್ಟಿದರು. ಒಂದು ಸರೋವರದ ದಡ ಸೇರಿದೊಡನೆ ದೋಣಿಯನ್ನು ಬೋರಲಾಗಿ ಹೆಗಲಿಗೇರಿಸಿಕೊಂಡು, ಕಾಡುದಾರಿಯಲ್ಲಿ ನಡೆದು, ಮುಂದಿನ ಸರೋವರದಲ್ಲಿ ಇಳಿಸುತ್ತಿದ್ದರು. ‘ಕನೂ’ ಎಂಬ ಹೆಸರಿನ ಆ ದೋಣಿಯ ವಂಶಜರು ಇಂದು ಅಲ್ಯೂಮಿನಿಯಂ, ಪ್ಲಾಸ್ಟಿಕ್‌ಗಳ ಮೈ ತಳೆದಿದ್ದಾರೆ. 1893ರಲ್ಲಿ ಸ್ಥಾಪಿತವಾದ ಅಲ್ಗಾಂಕ್ವಿನ್ ಉದ್ಯಾನದಂತಹ ತಾಣಗಳಿಗೆ ಬೇಸಗೆಯ ರಜೆಯಲ್ಲಿ ಹೊರಡುವ ಸಂಸಾರಗಳು ಈ ದೋಣಿಯನ್ನು ಕಾರಿನ ನೆತ್ತಿಗೆ ಹೊರಿಸುತ್ತವೆ.

ನೋಡುವವರಿಗೆ ಇದು ವಿನೋದ. ಕಟ್ಟುವವರಿಗೆ ದೊಡ್ಡ ಹೊಣೆ. ಹದಿನಾರು ಹದಿನೇಳು ಅಡಿ ಉದ್ದದ ದೋಣಿಯ ತೂಕ ಸುಮಾರು 30 ಕಿಲೋಗ್ರಾಂ. ಈ ಭಾರ ಕಾರಿಗೆ ಲೆಕ್ಕಕ್ಕಿಲ್ಲ. ನಿಜವಾದ ವೈರಿ ಗಾಳಿ. ವೇಗವು ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮಿಸುಕದೆ ಇದ್ದ ದೋಣಿಯು 100 ಕಿಲೋಮೀಟರಿಗೆ ಮೂತಿಯೆತ್ತಿ ಕುಣಿಯತೊಡಗಬಹುದು. ಕಟ್ಟು ಹರಿದರೆ ಅದು ಎರಗುವುದು ಹಿಂದೆ ಬರುತ್ತಿರುವ ವಾಹನದ ಮೇಲೆ.

ಆದುದರಿಂದ ಕಟ್ಟುವುದಕ್ಕೂ ಒಂದು ಕ್ರಮವಿದೆ. ದೋಣಿಯನ್ನು ಬೋರಲು ಹಾಕಿ, ಅದರ ಎರಡು ಅಂಚುಗಳೂ ಕಾರಿನ ಮೇಲಣ ಅಡ್ಡಕಂಬಿಗಳ ಮೇಲೆ ಸಮನಾಗಿ ಕೂರುವಂತೆ ಮಾಡುತ್ತಾರೆ. ಕಂಬಿಗೊಂದರಂತೆ ಎರಡು ಗಟ್ಟಿ ಪಟ್ಟಿಗಳನ್ನು ದೋಣಿಯ ಬೆನ್ನಿನ ಮೇಲೆ ಹಾಯಿಸಿ ಬಿಗಿಯುತ್ತಾರೆ. ಬಿಗಿತ ಅತಿಯಾದರೆ ದೋಣಿಯ ತೆಳುಮೈ ನುಗ್ಗಾಗುವುದುಂಟು. ಅನಂತರ ಮುಂತುದಿಯಿಂದ ಎರಡು ಹಗ್ಗಗಳನ್ನು ಎಡಕ್ಕೂ ಬಲಕ್ಕೂ ಇಳಿಬಿಟ್ಟು ಕಾರಿನ ಚೌಕಟ್ಟಿನ ಕೊಕ್ಕೆಗಳಿಗೆ ಕಟ್ಟುತ್ತಾರೆ, ಹಿಂತುದಿಗೂ ಹಾಗೆಯೇ. ಪಟ್ಟಿಗಳು ದೋಣಿಯನ್ನು ಕೆಳಕ್ಕೆ ಅದುಮಿ ಹಿಡಿದರೆ, ಈ ಹಗ್ಗಗಳು ಮೂತಿ ಮೇಲೇಳದಂತೆಯೂ ಪಕ್ಕಕ್ಕೆ ಹೊರಳದಂತೆಯೂ ತಡೆಯುತ್ತವೆ.

ಹಗ್ಗವನ್ನು ಬಿಗಿಯಲು ಬಳಸುವ ಗಂಟಿಗೆ ‘ಲಾರಿಯವರ ಗಂಟು’ ಎಂದೇ ಹೆಸರು. ಹಗ್ಗದ ನಡುವೆ ಒಂದು ಕುಣಿಕೆ ಹಾಕಿ, ತುದಿಯನ್ನು ಕೆಳಗಿನ ಕೊಕ್ಕೆಯಲ್ಲಿ ತೂರಿಸಿ, ಮತ್ತೆ ಮೇಲಣ ಕುಣಿಕೆಯೊಳಗಿಂದ ಕೆಳಕ್ಕೆ ಎಳೆದರೆ ಅದು ರಾಟೆಯಂತೆ ವರ್ತಿಸುತ್ತದೆ. ಲೆಕ್ಕದಂತೆ ಎಳೆತದ ಬಲ ಮೂರರಷ್ಟಾಗಬೇಕು. ತಿಕ್ಕಾಟದಲ್ಲಿ ಒಂದಷ್ಟು ನಷ್ಟವಾದರೂ ಉಳಿದುದೇ ಸಾಕಷ್ಟು.

ಕಟ್ಟಿದ ಮೇಲೆ ಪರೀಕ್ಷೆ ಸುಲಭ. ದೋಣಿಯನ್ನು ಹಿಡಿದು ಅಲುಗಿಸಿದರೆ ಕಾರೂ ಜೊತೆಗೇ ಅಲುಗಬೇಕು. ದೋಣಿ ಮಾತ್ರ ಅಲುಗಿದರೆ ಕಟ್ಟು ಸಡಿಲವೆಂದೇ ಅರ್ಥ. ಬಲ್ಲವರು ಹೊರಟ ಸ್ವಲ್ಪ ದೂರದಲ್ಲೇ ಒಮ್ಮೆ ನಿಲ್ಲಿಸಿ ಗಂಟುಗಳನ್ನು ನೋಡುತ್ತಾರೆ. ಮಳೆ ಬಂದರೆ ಮತ್ತೊಮ್ಮೆ ನೋಡುತ್ತಾರೆ, ಏಕೆಂದರೆ ನೆನೆದ ನೈಲಾನ್ ಹಗ್ಗ ಹಿಗ್ಗುತ್ತದೆ. ದೋಣಿಯ ಬಾಲ ಕಾರಿನಿಂದ ಬಹಳ ಹೊರಚಾಚಿದ್ದರೆ ಅದಕ್ಕೊಂದು ಕೆಂಪು ಬಟ್ಟೆ ಕಟ್ಟುವುದು ವಾಡಿಕೆ.

ಇಷ್ಟಕ್ಕೆಲ್ಲ ಹಿಡಿಯುವುದು ಅರ್ಧ ಗಂಟೆಯೂ ಅಲ್ಲ. ರಜೆಯ ಸಂಭ್ರಮದಲ್ಲಿ ಮಕ್ಕಳು ಅವಸರಪಡಿಸುವುದು ಸಹಜವೇ. ಆದರೆ ಹಿಂದಿನ ಕಾರಿನಲ್ಲಿ ಕುಳಿತಿರುವವರೂ ಯಾರದೋ ಮಕ್ಕಳೆಂಬುದನ್ನು ನೆನೆದ ತಂದೆಯು ಕೊನೆಯ ಗಂಟನ್ನು ಇನ್ನೊಮ್ಮೆ ಎಳೆದು ನೋಡದೆ ಗಾಡಿ ಹತ್ತಲಾರನು.