ಲಿನಕ್ಸ್‌ನ ಕಪ್ಪು ಮೆನು: ಯಾವಾಗ ಅಡಗಿಸಬಹುದು?

ಲ್ಯಾಬಿನಲ್ಲಿ ಲಿನಕ್ಸ್ ಕಂಪ್ಯೂಟರ್ ಆನ್ ಮಾಡಿದಾಗ ಮೊದಲ ವರ್ಷದವರು ಕೇಳುವ ಮಾತು, "ಇದೆಂತ ಕಪ್ಪು ಪರದೆ? ಹಾಳಾಗಿದೆಯಾ?" ಹಾಳಾಗಿಲ್ಲ. ಅದು ಗ್ರಬ್ ಎಂಬ ಸಣ್ಣ ಪ್ರೋಗ್ರಾಮಿನ ಮೆನು. ಕೇರಳದ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಕೊಡುವುದು ಉಬುಂಟು ಆಧಾರಿತ ಲಿನಕ್ಸ್. ಹಾಗಾಗಿ ಕಾಸರಗೋಡು, ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಲಿನಕ್ಸ್ ಹೊಸತಲ್ಲ. ನಮ್ಮಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಇರುವುದು ಹೆಚ್ಚಾಗಿ ವಿಂಡೋಸ್. ಅದರ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಂಡವರು ನನ್ನ ಬಳಿ ಕೇಳುವುದು ಒಂದೇ: ಈ ಮೆನು ಬಾರದ ಹಾಗೆ ಮಾಡುವುದು ಹೇಗೆ?

ಮೊದಲು ಅದರ ಕೆಲಸ ಏನೆಂದು ನೋಡೋಣ. ಸ್ವಿಚ್ ಒತ್ತಿದಾಗ ಮದರ್‌ಬೋರ್ಡಿನಲ್ಲಿರುವ ಬಯಾಸ್ ಅಥವಾ ಯುಇಎಫ್‌ಐ ಎಚ್ಚರವಾಗಿ, ಡಿಸ್ಕಿನಲ್ಲಿರುವ ಗ್ರಬ್ ಅನ್ನು ಕರೆಯುತ್ತದೆ. ಗ್ರಬ್ ಲಿನಕ್ಸಿನ ಕರ್ನೆಲ್ ಅನ್ನು ಮೆಮೊರಿಗೆ ತಂದು ಅಧಿಕಾರ ಬಿಟ್ಟುಕೊಡುತ್ತದೆ. ಅದಕ್ಕೂ ಮೊದಲು, "ಯಾವುದನ್ನು ತರಲಿ?" ಎಂದು ನಮ್ಮನ್ನು ಕೇಳುವುದೇ ಈ ಮೆನು. ಕಂಪ್ಯೂಟರಿನಲ್ಲಿ ಲಿನಕ್ಸ್ ಒಂದೇ ಇದ್ದರೆ ಪ್ರತಿ ದಿನ ಕೇಳುವ ಅಗತ್ಯವಿಲ್ಲ. ಫೆಡೋರಾದವರು 2018ರ 29ನೇ ಆವೃತ್ತಿಯಿಂದ ಅಂಥ ಕಂಪ್ಯೂಟರುಗಳಲ್ಲಿ ಮೆನುವನ್ನು ತಾವೇ ಅಡಗಿಸಿದ್ದಾರೆ.

ಉಬುಂಟುವಿನಲ್ಲಿ ನಾವೇ ಮಾಡುವುದಾದರೆ, ಇಟಿಸಿ ಫೋಲ್ಡರಿನ ಒಳಗೆ ಡೀಫಾಲ್ಟ್ ಎಂಬ ಫೋಲ್ಡರ್, ಅದರೊಳಗೆ ಗ್ರಬ್ ಎಂಬ ಫೈಲ್ ಇದೆ. ಸುಡೊ ಬಳಸಿ ತೆರೆಯಿರಿ. "ಗ್ರಬ್ ಟೈಮ್‌ಔಟ್ ಸ್ಟೈಲ್" ಎಂಬ ಸಾಲಿಗೆ "ಹಿಡನ್" ಎಂದೂ "ಗ್ರಬ್ ಟೈಮ್‌ಔಟ್" ಎಂಬ ಸಾಲಿಗೆ 2 ಎಂದೂ ಕೊಡಿ. (ಇವೆರಡು ಹೆಸರೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್, "ಹಿಡನ್" ಮಾತ್ರ ಸಣ್ಣಕ್ಷರ.) ಸೇವ್ ಮಾಡಿ, ಟರ್ಮಿನಲ್ಲಿನಲ್ಲಿ ಸುಡೊ ಅಪ್‌ಡೇಟ್‌-ಗ್ರಬ್ ಕೊಡಿ. ಈ ಕೊನೆಯ ಕಮಾಂಡ್ ಬಿಟ್ಟರೆ ಫೈಲ್ ಬದಲಾದರೂ ಪರದೆ ಬದಲಾಗುವುದಿಲ್ಲ.

ಹಲವರು 2ರ ಜಾಗದಲ್ಲಿ ಸೊನ್ನೆ ಹಾಕುತ್ತಾರೆ. ನಾನು ಹಾಕುವುದಿಲ್ಲ. ಅಪ್‌ಡೇಟ್ ಆದ ಮೇಲೆ ಹೊಸ ಕರ್ನೆಲ್ ಕೈಕೊಟ್ಟರೆ ಹಳೆಯದು ಸಿಗುವುದು ಇದೇ ಮೆನುವಿನ "ಅಡ್ವಾನ್ಸ್ಡ್ ಆಪ್ಶನ್ಸ್" ಒಳಗೆ. ಆ ಎರಡು ಸೆಕೆಂಡಿನಲ್ಲಿ ಎಸ್ಕೇಪ್ ಒತ್ತಿದರೆ ಮೆನು ಬರುತ್ತದೆ. ಬಯಾಸ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಶಿಫ್ಟ್ ಹಿಡಿದುಕೊಂಡರೂ ಆಗುತ್ತದೆ. ಎಸ್ಕೇಪನ್ನು ಟಕಟಕ ಒತ್ತಬೇಡಿ, ಬರೀ "ಗ್ರಬ್" ಎಂಬ ಪದ ಇರುವ ಖಾಲಿ ಪರದೆಗೆ ಹೋಗಿ ಬೀಳುತ್ತೀರಿ. ಬಿದ್ದರೆ ನಾರ್ಮಲ್ ಎಂದು ಟೈಪಿಸಿ ಎಂಟರ್ ಕೊಡಿ.

ವಿಂಡೋಸೂ ಇರುವ ಮನೆ ಕಂಪ್ಯೂಟರಿನ ಕತೆ ಬೇರೆ. ಇನ್ನೊಂದು ಸಿಸ್ಟಮ್ ಇದೆ ಎಂದು ಗೊತ್ತಾದರೆ ಉಬುಂಟುವಿನ ಗ್ರಬ್, ಹಿಡನ್ ಮತ್ತು ಸೊನ್ನೆ ಎಂದಿದ್ದರೂ, ಮೆನುವನ್ನು 10 ಸೆಕೆಂಡ್ ತೋರಿಸುತ್ತದೆ. ಇದು ಒಳ್ಳೆಯದೇ. ಆದರೆ ಕೆಲವರು ಹಟಕ್ಕೆ ಬಿದ್ದು, ಬೇರೆ ಸಿಸ್ಟಮ್ ಹುಡುಕುವ ಒಎಸ್ ಪ್ರೋಬರನ್ನೇ ನಿಲ್ಲಿಸುತ್ತಾರೆ. ನನ್ನ ಸಹಪಾಠಿಯೊಬ್ಬನ ಮನೆಯಲ್ಲಿ ಹೀಗೇ ಆಯಿತು. ಅಕ್ಕನ ಬಿಕಾಂ ಟ್ಯಾಲಿ ಅಸೈನ್‌ಮೆಂಟ್ ವಿಂಡೋಸಿನಲ್ಲಿತ್ತು, ಮರುದಿನ ಕೊಡಬೇಕು. ಆನ್ ಮಾಡಿದರೆ ನೇರ ಉಬುಂಟು. ತಮ್ಮ ಎಲ್ಲವನ್ನೂ ಅಳಿಸಿದ ಎಂದು ಮನೆಯಲ್ಲಿ ಗಲಾಟೆ. ಅಂಗಡಿಗೆ ಕೊಂಡುಹೋದರೆ ಫಾರ್ಮ್ಯಾಟ್ ಮಾಡುವ ಎಂದರಂತೆ. ಮಾಡಿದ್ದರೆ ಅಸೈನ್‌ಮೆಂಟ್ ನಿಜವಾಗಿಯೂ ಹೋಗುತ್ತಿತ್ತು. ಡಿಸ್ಕಿನಲ್ಲಿ ವಿಂಡೋಸ್ ಇದ್ದಲ್ಲೇ ಇತ್ತು, ಮೆನುವಿನಲ್ಲಿ ಹೆಸರು ಮಾತ್ರ ಇರಲಿಲ್ಲ. ಅದೇ ಫೈಲಿನಲ್ಲಿ "ಗ್ರಬ್ ಡಿಸೇಬಲ್ ಒಎಸ್ ಪ್ರೋಬರ್" ಎಂಬುದಕ್ಕೆ "ಫಾಲ್ಸ್" ಕೊಟ್ಟು ಅಪ್‌ಡೇಟ್‌-ಗ್ರಬ್ ಮಾಡಿದ ಮೇಲೆ ಬಂತು. ಇಬ್ಬರು ಬಳಸುವ ಕಂಪ್ಯೂಟರಿನಲ್ಲಿ ಮೆನು ಇರಲಿ, ಬೇಕಿದ್ದರೆ ಸಮಯವನ್ನು 5 ಸೆಕೆಂಡಿಗೆ ಇಳಿಸಿ.

ಮೆನು ಅಡಗಿಸಿದರೆ ಬೇರೆಯವರು ಒಳಗೆ ಬರಲಾರರು ಎಂದು ನಂಬಿದವರೂ ಇದ್ದಾರೆ. ಎಸ್ಕೇಪ್ ಗೊತ್ತಿದ್ದವರಿಗೆ ಅದು ಬೀಗವೇ ಅಲ್ಲ; ಬೀಗ ಬೇಕಾದರೆ ಗ್ರಬ್‌ಗೇ ಪಾಸ್‌ವರ್ಡ್ ಇಡುವ ವ್ಯವಸ್ಥೆ ಇದೆ.

ಮಳೆಗಾಲದಲ್ಲಿ ಇನ್ನೊಂದು ದೂರು: "ಅಡಗಿಸಿದ ಮೆನು ತಾನೇ ಬಂತು!" ಉಬುಂಟು ಪ್ರತಿ ಸಲ ಆರಂಭವಾಗುವಾಗ ಒಂದು ಗುರುತು ಹಾಕಿ, ಪೂರ್ತಿ ತೆರೆದ ಮೇಲೆ ಅಳಿಸುತ್ತದೆ. ನಡುವೆ ಕರೆಂಟ್ ಹೋದರೆ ಗುರುತು ಹಾಗೇ ಉಳಿದು, ಮುಂದಿನ ಸಲ ಮೆನು 30 ಸೆಕೆಂಡ್ ನಿಲ್ಲುತ್ತದೆ. ಎಂಟರ್ ಒತ್ತಿ ಒಳಗೆ ಹೋಗಿ. ಸರಿಯಾಗಿ ತೆರೆದರೆ ನಾಳೆ ಅದು ಕಾಣುವುದಿಲ್ಲ.