ಮೂತ್ರನಾಳದ ದುರ್ಮಾಂಸ

ಸಂಕೋಚದ ಮರೆಯಲ್ಲಿ ಬೆಳೆಯುವ ವ್ಯಾಧಿಯೊಂದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಮೂತ್ರದ್ವಾರದಲ್ಲಿ ಎಳೆಗೆಂಪಿನ ಮೆತ್ತನೆಯ ಮಾಂಸಾಂಕುರವೊಂದು ತಲೆದೋರುತ್ತದೆ. ನೋವು ಅಷ್ಟಾಗಿ ಇಲ್ಲ. ಮುಟ್ಟಿದರೆ ರಕ್ತ ಒಸರುತ್ತದೆ. ಕಂಡೊಡನೆ ರೋಗಿಗೆ ಉಂಟಾಗುವ ಮೊದಲ ಶಂಕೆ ಇದು ಗುಹ್ಯರೋಗವೇ ಎಂಬುದು. ಹೆಂಡತಿಗೆ ಹೇಳಲಾರ, ಮನೆಯ ಹಿರಿಯರಿಗೂ ಹೇಳಲಾರ, ತಿಂಗಳುಗಳು ಉರುಳುತ್ತವೆ. ಆದರೆ ಇದು ನಡತೆಯಿಂದಲೇ ಬಂದುದೆಂದು ತಿಳಿಯಬೇಕಾಗಿಲ್ಲ, ನೀರಿನಿಂದ ಬಂದುದಾಗಿರಬಹುದು.

ಅಂತಹ ವ್ಯಾಧಿಯ ಹೆಸರು ರೈನೋಸ್ಪೊರಿಡಿಯೋಸಿಸ್. ಬಹುಪಾಲು ರೋಗಿಗಳಿಗೆ ಇದು ಮೂಗಿನಲ್ಲಿ ದುರ್ಮಾಂಸವಾಗಿ ಬೆಳೆಯುತ್ತದೆ, ಕೆಲವರಿಗೆ ಕಣ್ಣಿನಲ್ಲಿ. ಮೂತ್ರನಾಳದಲ್ಲಿ ಬಲು ವಿರಳ, ಅದೂ ಹೆಚ್ಚಾಗಿ ಗಂಡಸರಲ್ಲಿ. 1900ರಲ್ಲಿ ಬ್ಯೂನಸ್ ಐರಿಸ್ ನಗರದ ಸೀಬರ್ ಎಂಬವರು ಇದನ್ನು ವರ್ಣಿಸಿದರು. ರೋಗಿಗಳು ಅಧಿಕವಾಗಿರುವುದು ಮಾತ್ರ ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ. ಬಹುಕಾಲ ಶಿಲೀಂಧ್ರವೆಂದು ಎಣಿಸಲ್ಪಟ್ಟ ಈ ಜೀವಿಯು ಮೀನುಗಳನ್ನು ಪೀಡಿಸುವ ಕೆಲವು ಸೂಕ್ಷ್ಮಜೀವಿಗಳ ದಾಯಾದಿಯೆಂದು 1999ರ ಸುಮಾರಿಗೆ ತಿಳಿದುಬಂದಿತು.

ನಿಂತ ನೀರಿನಲ್ಲಿ ಮೀಯುವವರು, ಗದ್ದೆಯ ಕೆಸರಿನಲ್ಲಿ ದುಡಿಯುವವರು, ಹೊಳೆಯಲ್ಲಿ ಮುಳುಗಿ ಹೊಯ್ಗೆ ಎತ್ತುವವರು, ಇಂತಹವರಲ್ಲಿಯೇ ಈ ರೋಗ ಹೆಚ್ಚಾಗಿ ಕಂಡುಬಂದಿದೆ. ಬಂಟ್ವಾಳದ ಪಕ್ಕದಲ್ಲಿ ನೇತ್ರಾವತಿ, ಬೆಳ್ತಂಗಡಿಯ ಅಡಕೆತೋಟಗಳ ನಡುವೆ ಕೆರೆಗಳು, 18 ಬಸದಿಗಳಿಗೆ ಸರಿಯಾಗಿ 18 ಕೆರೆಗಳೆಂದು ಹೇಳಿಕೊಳ್ಳುವ ಮೂಡುಬಿದಿರೆ. ಇಂತಹ ಸೀಮೆಯವರು ಈ ಹೆಸರನ್ನು ಅರಿತಿರುವುದು ಲೇಸು. ಕೆರೆಗೆ ಹೆದರಬೇಕೆಂದು ನಾವು ಹೇಳುತ್ತಿಲ್ಲ. ಅದೇ ನೀರಿನಲ್ಲಿ ಮಿಂದವರಲ್ಲಿ ಬಹುತೇಕ ಯಾರಿಗೂ ಇದು ಬರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡಿದುದಕ್ಕೂ ಆಧಾರ ದೊರೆತಿಲ್ಲ.

ಕಣ್ಣಳತೆಯ ನಿರ್ಣಯ ಇಲ್ಲಿ ಸಲ್ಲದು. ಗುಹ್ಯರೋಗದ ನರಹುಲಿಯೂ, ಒಮ್ಮೊಮ್ಮೆ ಕ್ಯಾನ್ಸರಿನ ಗಂಟೂ ಮೇಲ್ನೋಟಕ್ಕೆ ಹೀಗೆಯೇ ತೋರುವುದುಂಟು. ನುರಿತ ಕಣ್ಣಿಗೆ ಒಂದು ಸುಳಿವಿದೆ: ಮಾಂಸದ ಮೇಲೆ ರವೆ ಚೆಲ್ಲಿದಂತಹ ಬಿಳಿಯ ಚುಕ್ಕೆಗಳು. ಅವು ಬಲಿತ ಬೀಜಾಣುಚೀಲಗಳು. ಒಂದೊಂದೂ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಬೆಳೆಯಬಲ್ಲುದು. ಪ್ರಯೋಗಶಾಲೆಯ ಸಾಮಾನ್ಯ ಕ್ರಮಗಳಿಂದ ಈ ಜೀವಿಯನ್ನು ಬೆಳೆಸಲಾಗದು. ಆದುದರಿಂದ ಕೊಯ್ದ ಮಾಂಸವನ್ನು ತೆಳುವಾಗಿ ಸೀಳಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದ ಕೆಳಗೆ ಬೀಜಾಣುಗಳಿಂದ ತುಂಬಿದ ಆ ಚೀಲಗಳನ್ನು ಕಾಣುವುದೇ ನಿರ್ಣಾಯಕ. ತುಂಡನ್ನು ಪರೀಕ್ಷೆಗೆ ಕಳುಹಿಸಿದಿರಾ ಎಂದು ರೋಗಿಯು ಧೈರ್ಯವಾಗಿ ಕೇಳಬಹುದು, ವೈದ್ಯರು ಬೇಸರಿಸಲಾರರು.

ಚಿಕಿತ್ಸೆಯೆಂದರೆ ಶಸ್ತ್ರಕ್ರಿಯೆ. ಗಂಟನ್ನು ಪೂರ್ಣವಾಗಿ ಕೊಯ್ದು ಅದರ ಬುಡವನ್ನು ವಿದ್ಯುತ್ತಿನಿಂದ ಸುಡುತ್ತಾರೆ. ನಾಳದೊಳಗೆ ದರ್ಶಕವನ್ನು ತೂರಿಸಿ, ಒಳಗೆ ಬೇರೆ ಗಂಟುಗಳಿವೆಯೇ ಎಂದು ನೋಡುತ್ತಾರೆ. ಮನೆಯಲ್ಲಿ ನೂಲು ಬಿಗಿದು ಉದುರಿಸುವ ಸಾಹಸ ಮಾತ್ರ ಕೂಡದು. ಚೀಲಗಳು ಒಡೆದರೆ ಬೀಜಾಣುಗಳು ಅಕ್ಕಪಕ್ಕದಲ್ಲಿಯೇ ಬೇರೂರಬಹುದು. ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್ ಮಾತ್ರೆಯನ್ನು ಕೆಲವು ವೈದ್ಯರು ಶಸ್ತ್ರಕ್ರಿಯೆಯ ತರುವಾಯ ತಿಂಗಳುಗಟ್ಟಲೆ ಕೊಡುವುದುಂಟು. ಅದು ಚೀಲಗಳು ಬಲಿಯುವುದನ್ನು ತಡೆಯುತ್ತದೆ. ಆದರೆ ರಕ್ತಹೀನತೆಯನ್ನೂ ತರಬಲ್ಲುದಾದುದರಿಂದ ರಕ್ತಪರೀಕ್ಷೆ ಅಗತ್ಯ. ಇಷ್ಟೆಲ್ಲ ಮಾಡಿದರೂ ರೋಗ ಮರುಕಳಿಸುವುದುಂಟು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ. ಗಾಯ ಮಾಯಿತೆಂದು ಸುಮ್ಮನಾಗದೆ, ವೈದ್ಯರು ಹೇಳಿದ ದಿನಗಳಲ್ಲಿ ಮತ್ತೆ ಮತ್ತೆ ಹೋಗಿ ತೋರಿಸಿಕೊಳ್ಳಬೇಕು.